ಪೊಲೀಸ್ ವ್ಯಾನಿನಲ್ಲಿ ಬರುವ ರೋಗಿ

ಮಾನಸಿಕ ಅಸ್ವಸ್ಥರನ್ನು ಅವರ ಒಪ್ಪಿಗೆ ಇಲ್ಲದೆಯೂ ಆಸ್ಪತ್ರೆಯಲ್ಲಿ ಇರಿಸಿಕೊಳ್ಳಲು ಇಂಗ್ಲೆಂಡಿನಲ್ಲಿ 1983ರ ಮಾನಸಿಕ ಆರೋಗ್ಯ ಕಾಯ್ದೆ ಅವಕಾಶ ಕೊಡುತ್ತದೆ. 2023ರ ಮಾರ್ಚ್‌ಗೆ ಮುಗಿದ ವರ್ಷದ ಲೆಕ್ಕ ನೋಡಿ. ಹೀಗೆ ಸೇರಿಸಿಕೊಂಡ ಪ್ರಕರಣಗಳು ಬಿಳಿಯರಲ್ಲಿ ಲಕ್ಷ ಜನಕ್ಕೆ 64, ಕಪ್ಪುವರ್ಣೀಯರಲ್ಲಿ 228. ಅಂದರೆ ಮೂರೂವರೆ ಪಟ್ಟು. ಅದರ ಹಿಂದಿನ ವರ್ಷ ಈ ಅಂತರ ನಾಲ್ಕು ಪಟ್ಟನ್ನೂ ದಾಟಿತ್ತು. ಸರ್ಕಾರಗಳು ಬದಲಾಗಿವೆ, ತನಿಖಾ ಸಮಿತಿಗಳು ಬಂದುಹೋಗಿವೆ, ವೈದ್ಯರಿಗೂ ನರ್ಸ್‌ಗಳಿಗೂ ತರಬೇತಿಯ ಮೇಲೆ ತರಬೇತಿ ಆಗಿದೆ. ಅಂತರ ಮಾತ್ರ ಹೋಗಿಲ್ಲ.

ಅಮೆರಿಕದ ಉದಾಹರಣೆ ಬಿಟ್ಟು ಇಂಗ್ಲೆಂಡಿನದನ್ನೇ ಎತ್ತಿಕೊಳ್ಳಲು ಕಾರಣವಿದೆ. ಅಮೆರಿಕದಲ್ಲಾದರೆ ಇಂಥ ಅಂತರ ಕಂಡಾಗ ವಿಮೆ ಇಲ್ಲ, ದುಡ್ಡಿಲ್ಲ ಎಂದು ಹೇಳಿ ಮಾತು ಮುಗಿಸಬಹುದು. ಬ್ರಿಟನ್ನಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನಲ್ಲಿ ಆಸ್ಪತ್ರೆ ಚಿಕಿತ್ಸೆಗೆ ಅಲ್ಲಿನ ನಿವಾಸಿಗಳು ಬಿಲ್ ಕಟ್ಟುವುದಿಲ್ಲ. ದುಡ್ಡಿನ ಪ್ರಶ್ನೆಯನ್ನು ಪಕ್ಕಕ್ಕಿಟ್ಟ ಮೇಲೂ ಅಂತರ ಉಳಿಯುತ್ತದೆ ಎಂದರೆ ಅದು ಬೇರೆಲ್ಲೋ ಹುಟ್ಟುತ್ತಿದೆ ಎಂದಾಯಿತು.

ವೈದ್ಯಕೀಯದಲ್ಲಿ ವರ್ಣಭೇದ ಎಂದೊಡನೆ ಬರೆಯುವವರೆಲ್ಲ 1851ಕ್ಕೆ ಓಡುತ್ತಾರೆ. ಯಜಮಾನನಿಂದ ತಪ್ಪಿಸಿಕೊಂಡು ಓಡುವ ಗುಲಾಮನಿಗೆ ‘ಡ್ರಾಪಿಟೊಮೇನಿಯಾ’ ಎಂಬ ಮನೋರೋಗವಿದೆ ಎಂದು ಅಮೆರಿಕದ ವೈದ್ಯ ಸ್ಯಾಮ್ಯುಯೆಲ್ ಕಾರ್ಟ್‌ರೈಟ್ ಬರೆದ ವರ್ಷ ಅದು. ಕಥೆ ನಿಜವೇ. ಆದರೆ ಅದನ್ನು ಹೇಳಿದಷ್ಟೂ ಇಂದಿನವರು ಒಳ್ಳೆಯವರಾಗಿ ಕಾಣುತ್ತಾರೆ. ಈಗಿನ ವಾರ್ಡುಗಳಲ್ಲಿ ಅಂಥ ಖಳನಾಯಕನನ್ನು ಹುಡುಕಿದರೆ ಸಿಗುವುದು ಕಷ್ಟ. ಹೆಚ್ಚಿನವರು ನಿಯಮದ ಪ್ರಕಾರವೇ ನಡೆದಿರುತ್ತಾರೆ, ಫಾರಂಗಳು ಸರಿಯಾಗಿಯೇ ಭರ್ತಿಯಾಗಿರುತ್ತವೆ, ಸಹಿ ಹಾಕಬೇಕಾದವರೆಲ್ಲ ಹಾಕಿರುತ್ತಾರೆ. ವರ್ಷದ ಕೊನೆಗೆ ಕೂಡಿಸಿ ನೋಡಿದರೆ ಮತ್ತೆ ಮೂರೂವರೆ ಪಟ್ಟು.

ಅಲ್ಲಿನ ಜನ ಇದನ್ನು ‘ಸೆಕ್ಷನ್ ಮಾಡುವುದು’ ಎನ್ನುತ್ತಾರೆ. ಕಾಯ್ದೆಯ ಸೆಕ್ಷನ್ 2ರಡಿ ತಪಾಸಣೆಗೆಂದು 28 ದಿನ ಇರಿಸಿಕೊಳ್ಳಬಹುದು. ಸೆಕ್ಷನ್ 3ರಡಿ ಚಿಕಿತ್ಸೆಗೆಂದು ಆರು ತಿಂಗಳು, ಬೇಕಾದರೆ ಇನ್ನೂ ಮುಂದಕ್ಕೆ. ಇದಕ್ಕೆ ಇಬ್ಬರು ವೈದ್ಯರ ಶಿಫಾರಸು ಬೇಕು. ಅರ್ಜಿ ಹಾಕುವವರು ಸಾಮಾನ್ಯವಾಗಿ ವಿಶೇಷ ತರಬೇತಿ ಪಡೆದ ಸಮಾಜ ಕಾರ್ಯಕರ್ತರು. ಇವೆರಡಲ್ಲದೆ ಸೆಕ್ಷನ್ 136 ಎಂದೊಂದಿದೆ. ರಸ್ತೆಯಲ್ಲೋ ಬಸ್ ನಿಲ್ದಾಣದಲ್ಲೋ ಯಾರಾದರೂ ಮಾನಸಿಕವಾಗಿ ಅಸ್ವಸ್ಥರಂತೆ ಕಂಡು, ತಕ್ಷಣ ರಕ್ಷಣೆ ಬೇಕು ಎನ್ನಿಸಿದರೆ, ಪೊಲೀಸರೇ ಅವರನ್ನು ಹಿಡಿದು ‘ಸುರಕ್ಷಿತ ಸ್ಥಳ’ಕ್ಕೆ ಒಯ್ಯಬಹುದು. ನನ್ನ ಪ್ರಕಾರ ಇಡೀ ವಿಷಯದ ಕೀಲಿ ಇರುವುದು ಇಲ್ಲಿ. ಆದರೆ ವಿದ್ವಾಂಸರ ಜಗಳ ನಡೆದದ್ದು ಬೇರೆ ಕಡೆ.

ಆ ಜಗಳದಲ್ಲಿ ಎರಡು ಪಕ್ಷ. ವೈದ್ಯರ ಕಣ್ಣೇ ಸರಿಯಿಲ್ಲ, ಕಪ್ಪು ಯುವಕನ ಸಿಟ್ಟು, ಅನುಮಾನ, ದೇವರ ಮಾತು ಎಲ್ಲವೂ ಅವರಿಗೆ ಸ್ಕಿಜೋಫ್ರೀನಿಯಾದಂತೆ (ಇಲ್ಲದ ದನಿ ಕೇಳಿಸುವ, ಭ್ರಮೆ ಹುಟ್ಟಿಸುವ ಮನೋರೋಗ) ಕಾಣುತ್ತದೆ ಎನ್ನುವುದು ಒಂದು ಪಕ್ಷ. ಹಾಗೇನಿಲ್ಲ, ಕಾಯಿಲೆಯೇ ಅವರಲ್ಲಿ ಹೆಚ್ಚು ಎನ್ನುವುದು ಇನ್ನೊಂದು.

ಮೊದಲ ಪಕ್ಷದ ವಾದವನ್ನು ಒರೆಗೆ ಹಚ್ಚಲು 1990ರ ದಶಕದಲ್ಲಿ ಒಂದು ಸೊಗಸಾದ ಪ್ರಯೋಗ ನಡೆಯಿತು. ಲಂಡನ್ನಿನ ಮನೋರೋಗ ಆಸ್ಪತ್ರೆಯೊಂದರಲ್ಲಿದ್ದ ರೋಗಿಗಳನ್ನು ಜಮೈಕಾದ ಮನೋವೈದ್ಯ ಫ್ರೆಡರಿಕ್ ಹಿಕ್ಲಿಂಗ್ ಸ್ವತಂತ್ರವಾಗಿ ಪರೀಕ್ಷಿಸಿದರು. 1999ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಆಫ್ರಿಕನ್ ಮತ್ತು ಕೆರಿಬಿಯನ್ ಮೂಲದ 29 ಮಂದಿಯಲ್ಲಿ 16 ಮಂದಿಯ ವಿಷಯದಲ್ಲಿ ಮಾತ್ರ ಅವರ ನಿರ್ಣಯ ಬ್ರಿಟಿಷ್ ವೈದ್ಯರ ನಿರ್ಣಯಕ್ಕೆ ಹೊಂದಿತು. ಉಳಿದ 13ರಲ್ಲಿ ಭಿನ್ನಾಭಿಪ್ರಾಯ. ಬ್ರಿಟಿಷ್ ವೈದ್ಯರ ತಪ್ಪು ಸಿಕ್ಕಿಬಿತ್ತು ಎಂದು ಕುಣಿಯುವಂತಿರಲಿಲ್ಲ. ಏಕೆಂದರೆ ಸ್ಕಿಜೋಫ್ರೀನಿಯಾ ಎಂದು ಹೇಳಿದ ಒಟ್ಟು ಪ್ರಮಾಣ ಇಬ್ಬರಲ್ಲೂ ಹೆಚ್ಚುಕಡಿಮೆ ಒಂದೇ ಆಗಿತ್ತು. ಇವರೂ ಬೆರಳು ಮಾಡಿದ್ದರು, ಅವರೂ ಮಾಡಿದ್ದರು, ಆದರೆ ಬೇರೆ ಬೇರೆ ರೋಗಿಗಳತ್ತ. ರಕ್ತ ಪರೀಕ್ಷೆಯಾಗಲಿ ಸ್ಕ್ಯಾನ್ ಆಗಲಿ ತೀರ್ಪು ಕೊಡದ ಕಾಯಿಲೆ ಇದು. ಮಾತು ಕೇಳಿ, ಮುಖ ನೋಡಿ ಹೇಳಬೇಕು. ಹಾಗಿರುವಾಗ ಎದುರಿಗೆ ಕುಳಿತವನ ಲೋಕ ಗೊತ್ತಿಲ್ಲದವರ ಕೈಯಲ್ಲಿ ಈ ನಿರ್ಣಯ ಎಷ್ಟು ಅಲುಗಾಡುತ್ತದೆ ಎಂಬುದನ್ನಂತೂ ಆ ಅಧ್ಯಯನ ತೋರಿಸಿತು.

ಎರಡನೇ ಪಕ್ಷದ ಕೈಯಲ್ಲೂ ದಾಖಲೆಯಿದೆ. ಲಂಡನ್, ನಾಟಿಂಗ್‌ಹ್ಯಾಮ್, ಬ್ರಿಸ್ಟಲ್‌ಗಳಲ್ಲಿ ನಡೆದು 2006ರಲ್ಲಿ ಪ್ರಕಟವಾದ ‘ಈಸಾಪ್’ ಎಂಬ ದೊಡ್ಡ ಅಧ್ಯಯನದಲ್ಲಿ, ಬಿಳಿಯರಿಗೆ ಹೋಲಿಸಿದರೆ ಕೆರಿಬಿಯನ್ ಮೂಲದವರಲ್ಲಿ ಸ್ಕಿಜೋಫ್ರೀನಿಯಾ ಸುಮಾರು ಒಂಬತ್ತು ಪಟ್ಟು, ಆಫ್ರಿಕನ್ ಮೂಲದವರಲ್ಲಿ ಸುಮಾರು ಆರು ಪಟ್ಟು ಕಂಡುಬಂತು. ಇಷ್ಟು ದೊಡ್ಡ ಅಂತರವನ್ನು ವೈದ್ಯರ ಪೂರ್ವಗ್ರಹವೊಂದರಿಂದಲೇ ವಿವರಿಸಲು ಆಗುವುದಿಲ್ಲ. ಹಾಗಾದರೆ ರಕ್ತದಲ್ಲೇ ಇದೆಯೇ? ಅದಕ್ಕೂ ಉತ್ತರ ಸಿಕ್ಕಾಗಿದೆ. ಜಮೈಕಾದಲ್ಲಿ, ಟ್ರಿನಿಡಾಡ್‌ನಲ್ಲಿ, ಬಾರ್ಬಡೋಸ್‌ನಲ್ಲಿ ಎಣಿಸಿದಾಗ ಈ ಕಾಯಿಲೆಯ ಪ್ರಮಾಣ ಬ್ರಿಟನ್ನಿನ ಕೆರಿಬಿಯನ್ನರಲ್ಲಿ ಇರುವಂತೆ ಏರಿರಲಿಲ್ಲ. ಟ್ರಿನಿಡಾಡ್‌ನ ಅಧ್ಯಯನ ನಡೆಸಿದವರು ಮುಂದೆ ಬ್ರಿಟನ್ನಿನ ಮನೋವೈದ್ಯರ ರಾಯಲ್ ಕಾಲೇಜಿನ ಅಧ್ಯಕ್ಷರಾದ, ಹರಿಯಾಣದಲ್ಲಿ ಹುಟ್ಟಿದ ದಿನೇಶ್ ಭುಗ್ರಾ. ಅದೇ ಅಜ್ಜ-ಅಜ್ಜಿಯ ಮೊಮ್ಮಕ್ಕಳು ಅಲ್ಲಿ ಆರೋಗ್ಯವಾಗಿದ್ದು ಇಲ್ಲಿ ಹಾಸಿಗೆ ಹಿಡಿಯುತ್ತಾರೆ ಎಂದರೆ ಕಾರಣವನ್ನು ಲಂಡನ್ನಿನ ಬೀದಿಗಳಲ್ಲಿ ಹುಡುಕಬೇಕು. 2001ರಲ್ಲಿ ದಕ್ಷಿಣ ಲಂಡನ್ನಿನ ಕ್ಯಾಂಬರ್‌ವೆಲ್‌ನ ಅಂಕಿಅಂಶಗಳಿಂದ ಇನ್ನೊಂದು ಸಂಗತಿ ಹೊರಬಿತ್ತು. ತಮ್ಮಂಥವರು ಕಡಿಮೆ ಇರುವ ಬಡಾವಣೆಗಳಲ್ಲಿ ವಾಸಿಸುವ ವಲಸಿಗ ಸಮುದಾಯದವರಲ್ಲಿ ಈ ಕಾಯಿಲೆ ಹೆಚ್ಚು, ತಮ್ಮವರ ನಡುವೆ ಇರುವವರಲ್ಲಿ ಕಡಿಮೆ. ಒಂಟಿತನ, ಅವಮಾನ, ನಿರುದ್ಯೋಗ, ಒಡೆದ ಸಂಸಾರ ಇವೆಲ್ಲ ಮಿದುಳಿನೊಳಗೆ ಇಳಿಯುತ್ತವೆ ಎಂಬ ಮಾತಿಗೆ ಇದಕ್ಕಿಂತ ಗಟ್ಟಿ ಆಧಾರ ಬೇಕಿಲ್ಲ.

ಎರಡು ಪಕ್ಷಗಳಲ್ಲೂ ಅರ್ಧರ್ಧ ಸತ್ಯವಿದೆ. ಆದರೆ ನಲವತ್ತು ವರ್ಷ ಈ ವಾಗ್ವಾದ ನಡೆಸುತ್ತ ಆಡಳಿತ ನಡೆಸುವವರಿಗೆ ಒಂದು ಅನುಕೂಲವೂ ಆಗಿಹೋಯಿತು. ಕಾರಣ ಖಚಿತವಾಗಲಿ, ಆಮೇಲೆ ನೋಡೋಣ ಎಂದು ಕೂರಬಹುದು. ಕಾಯಿಲೆ ನಿಜವಾಗಿಯೂ ಹೆಚ್ಚಿದೆ ಎಂದೇ ಇಟ್ಟುಕೊಳ್ಳೋಣ. ಹೆಚ್ಚು ಕಾಯಿಲೆ ಇದ್ದರೆ ಹೆಚ್ಚು ಚಿಕಿತ್ಸೆ ಸಿಗಬೇಕು. ಹೆಚ್ಚು ಬಲವಂತ ಯಾಕೆ?

ಒಂದೇ ಕಾಯಿಲೆ ಇಬ್ಬರಿಗೆ ಬಂದರೆ ಏನಾಗುತ್ತದೆ ಎಂದು ನೋಡಿ. ಒಬ್ಬನಿಗೆ ಎರಡು ತಿಂಗಳಿಂದ ನಿದ್ದೆಯಿಲ್ಲ, ಪಕ್ಕದ ಮನೆಯವರು ತನ್ನ ಬಗ್ಗೆಯೇ ಮಾತಾಡುತ್ತಿದ್ದಾರೆ ಎನ್ನುತ್ತಾನೆ. ಹೆಂಡತಿ ಫ್ಯಾಮಿಲಿ ಡಾಕ್ಟರ್ ಬಳಿ ಕರೆದುಕೊಂಡು ಹೋಗುತ್ತಾಳೆ. ಅವರು ಕಾಗದ ಬರೆಯುತ್ತಾರೆ, ತಜ್ಞರ ತಂಡ ಮನೆಗೆ ಬರುತ್ತದೆ, ಮಾತ್ರೆ ಶುರುವಾಗುತ್ತದೆ. ಇನ್ನೊಬ್ಬನ ತಾಯಿಯೂ ಡಾಕ್ಟರಿಗೆ ಫೋನ್ ಮಾಡುತ್ತಾಳೆ. ‘ಅವನೇ ಬರಬೇಕಲ್ಲ’ ಎಂಬ ಉತ್ತರ ಬರುತ್ತದೆ. ಅವನು ಬರುವುದಿಲ್ಲ, ಏಕೆಂದರೆ ಅವನ ಚಿಕ್ಕಪ್ಪ ಆ ಆಸ್ಪತ್ರೆಗೆ ಹೋದವನು ಹೇಗೆ ಹಿಂದಿರುಗಿದ ಎಂಬುದನ್ನು ಅವನು ನೋಡಿದ್ದಾನೆ. ಮೂರು ತಿಂಗಳಾದ ಮೇಲೆ ಒಂದು ರಾತ್ರಿ ಬೀದಿಯಲ್ಲಿ ಕೂಗಾಡುತ್ತಾನೆ. ಯಾರೋ ತುರ್ತು ಸಂಖ್ಯೆ 999ಕ್ಕೆ ಫೋನ್ ಮಾಡುತ್ತಾರೆ, ಪೊಲೀಸರು ಬರುತ್ತಾರೆ, ಕೈಗೆ ಕೋಳ, ವ್ಯಾನು. ಆಸ್ಪತ್ರೆಯ ಫೈಲಿನ ಮೊದಲ ಸಾಲೇ ‘ಪೊಲೀಸರು ಕರೆತಂದರು’. ಎರಡನೇ ಸಾಲಿನಲ್ಲಿ ‘ಆಕ್ರಮಣಕಾರಿ’. ಆಮೇಲೆ ಆ ಫೈಲು ತೆರೆಯುವ ನರ್ಸ್, ಡಾಕ್ಟರ್, ಮುಂದಿನ ಸಲ ಸೇರಿಸಿಕೊಳ್ಳುವ ಇನ್ನೊಂದು ಆಸ್ಪತ್ರೆ, ಎಲ್ಲರೂ ಆ ಎರಡು ಸಾಲಿನಿಂದಲೇ ಓದಲು ಆರಂಭಿಸುತ್ತಾರೆ.

ಇವು ನಾನು ಕಲ್ಪಿಸಿಕೊಂಡ ಇಬ್ಬರು. ಆದರೆ ಈಸಾಪ್ ಅಧ್ಯಯನದವರೇ ಮೊದಲ ಸಲ ಕಾಯಿಲೆ ಬಿದ್ದವರ ದಾರಿಗಳನ್ನು ಹಿಡಿದು ನೋಡಿದಾಗ, ಕೆರಿಬಿಯನ್ ಮೂಲದವರು ಫ್ಯಾಮಿಲಿ ಡಾಕ್ಟರ್ ಮೂಲಕ ಬರುವುದು ಕಡಿಮೆ, ಪೊಲೀಸ್ ಮತ್ತು ಕೋರ್ಟಿನ ಮೂಲಕ ಬರುವುದು ಹೆಚ್ಚು ಎಂದು ಕಂಡುಬಂತು. ಮಾನಸಿಕ ಆರೋಗ್ಯ ಕ್ಷೇತ್ರದ ಸೇವಾಸಂಸ್ಥೆ ಸೇನ್ಸ್‌ಬರಿ ಸೆಂಟರ್ 2002ರಲ್ಲಿ ತಂದ ವರದಿಯೊಂದು ಇದನ್ನು ಭಯದ ವೃತ್ತ ಎಂದು ಕರೆದಿತ್ತು. ಸಮುದಾಯಕ್ಕೆ ಆಸ್ಪತ್ರೆಯ ಭಯ, ಆದ್ದರಿಂದ ತಡ. ತಡವಾದ್ದರಿಂದ ಕಾಯಿಲೆ ಉಲ್ಬಣ. ಉಲ್ಬಣಿಸಿದ್ದರಿಂದ ಸಿಬ್ಬಂದಿಗೆ ಅವರ ಭಯ, ಆದ್ದರಿಂದ ಬಲಪ್ರಯೋಗ. ಅದನ್ನು ಕಂಡ ಸಮುದಾಯಕ್ಕೆ ಇನ್ನಷ್ಟು ಭಯ.

ಆ ಭಯ ಆಧಾರವಿಲ್ಲದ್ದಲ್ಲ. ಜಮೈಕಾದಲ್ಲಿ ಹುಟ್ಟಿದ ಡೇವಿಡ್ ಬೆನೆಟ್ ನಾರಿಚ್ ನಗರದ ಕ್ಲಿನಿಕ್ ಒಂದರಲ್ಲಿ ಸ್ಕಿಜೋಫ್ರೀನಿಯಾಕ್ಕೆ ಚಿಕಿತ್ಸೆ ಪಡೆಯುತ್ತಿದ್ದವರು. 1993ರಲ್ಲೇ ಅವರು ಅಲ್ಲಿನ ನರ್ಸಿಂಗ್ ಮುಖ್ಯಸ್ಥರಿಗೆ ಒಂದು ಕಾಗದ ಬರೆದಿದ್ದರು. ಇಲ್ಲಿ ಆರಕ್ಕಿಂತ ಹೆಚ್ಚು ಕಪ್ಪು ಹುಡುಗರಿದ್ದೇವೆ, ಸಿಬ್ಬಂದಿಯಲ್ಲಿ ನಮ್ಮವರು ಒಬ್ಬರೂ ಇಲ್ಲ, ಇಬ್ಬರನ್ನಾದರೂ ನೇಮಿಸಿ ಎಂಬುದು ಅದರ ಸಾರ. ಸಭ್ಯವಾದ, ಸರಿಯಾದ ಕಾಗದ. ಐದು ವರ್ಷದ ನಂತರ, 1998ರ ಅಕ್ಟೋಬರ್ 30ರ ರಾತ್ರಿ, ವಾರ್ಡಿನ ಫೋನ್ ಬಳಸುವ ವಿಷಯದಲ್ಲಿ ಬಿಳಿಯ ರೋಗಿಯೊಬ್ಬನೊಂದಿಗೆ ಜಗಳವಾಯಿತು. ಬೆನೆಟ್ ಅವರ ಬಣ್ಣ ಹಿಡಿದು ಬೈಗುಳ ಬಂತು. ವಾರ್ಡು ಬದಲಾಯಿಸಿದ್ದು ಬೆನೆಟ್ ಅವರನ್ನು. ಅವರು ಸಿಟ್ಟಿಗೆದ್ದು ನರ್ಸ್ ಒಬ್ಬರಿಗೆ ಹೊಡೆದರು. ನರ್ಸ್‌ಗಳು ಸೇರಿ ಅವರನ್ನು ಬೋರಲು ಹಾಕಿ ಒತ್ತಿ ಹಿಡಿದರು. ಇಪ್ಪತ್ತು ನಿಮಿಷಕ್ಕೂ ಹೆಚ್ಚು ಹೊತ್ತು ಹಾಗೇ ಹಿಡಿದಿದ್ದರು. ಅಷ್ಟರಲ್ಲಿ ಉಸಿರು ನಿಂತಿತ್ತು. ಅವರಿಗೆ 38 ವರ್ಷ.

ಹೈಕೋರ್ಟಿನ ಮಾಜಿ ನ್ಯಾಯಾಧೀಶ ಜಾನ್ ಬ್ಲೋಫೆಲ್ಡ್ ನೇತೃತ್ವದ ಸ್ವತಂತ್ರ ತನಿಖೆಯ ವರದಿ 2004ರಲ್ಲಿ ಹೊರಬಂತು. ಎನ್‌ಎಚ್‌ಎಸ್‌ನಲ್ಲಿ ಸಾಂಸ್ಥಿಕ ವರ್ಣಭೇದವಿದೆ ಎಂದು ಅದು ನೇರವಾಗಿ ಹೇಳಿತು. ಯಾರನ್ನೂ ಮೂರು ನಿಮಿಷಕ್ಕಿಂತ ಹೆಚ್ಚು ಬೋರಲು ಹಾಕಿ ಹಿಡಿಯಬಾರದು ಎಂದೂ ಶಿಫಾರಸು ಮಾಡಿತು. ಸರ್ಕಾರ ಐದು ವರ್ಷದ ಸಮಾನತಾ ಕಾರ್ಯಕ್ರಮ ಘೋಷಿಸಿತು. 2005ರಿಂದ 2010ರವರೆಗೆ ವರ್ಷವರ್ಷವೂ ಮನೋರೋಗ ವಾರ್ಡುಗಳಲ್ಲಿ ಯಾವ ಜನಾಂಗದವರು ಎಷ್ಟಿದ್ದಾರೆ ಎಂದು ಗಣತಿಯನ್ನೇ ಮಾಡಿತು. ಅಂಕಿ ಅಲುಗಲಿಲ್ಲ. ಗಣತಿ ನಿಂತಿತು. ಆ ಕೊನೆಯ ವರ್ಷ, 2010ರಲ್ಲಿ, ಒಲಸೇನಿ ಲೂಯಿಸ್ ಎಂಬ 23ರ ಪದವೀಧರ ತಾನಾಗಿಯೇ ನೆರವು ಬಯಸಿ ದಕ್ಷಿಣ ಲಂಡನ್ನಿನ ಆಸ್ಪತ್ರೆಗೆ ಬಂದಿದ್ದ. ಅಲ್ಲಿಂದ ಹೊರಡಲು ನೋಡಿದಾಗ ಸಿಬ್ಬಂದಿ ಪೊಲೀಸರನ್ನು ಕರೆಸಿದರು. ಹನ್ನೊಂದು ಪೊಲೀಸರು ಹಿಡಿದು ಒತ್ತಿದರು. ಆತನೂ ಉಳಿಯಲಿಲ್ಲ. ತಂದೆತಾಯಿ ಎಂಟು ವರ್ಷ ಹೋರಾಡಿದ ಮೇಲೆ 2018ರಲ್ಲಿ ‘ಸೇನಿ ಕಾಯ್ದೆ’ ಬಂತು. ಈಗ ಮನೋರೋಗ ಘಟಕಗಳು ಬಲಪ್ರಯೋಗದ ಲೆಕ್ಕ ಇಡಬೇಕು, ಅಲ್ಲಿಗೆ ಬರುವ ಪೊಲೀಸರು ಸಾಧ್ಯವಿದ್ದಲ್ಲೆಲ್ಲ ಮೈಮೇಲೆ ಕ್ಯಾಮೆರಾ ಧರಿಸಿರಬೇಕು.

ಇಲ್ಲಿ ಒಂದು ವಿಷಯ ನಮ್ಮವರಿಗೂ ಸಂಬಂಧಿಸಿದ್ದು. ಬಿಳಿ ವೈದ್ಯ, ಕಪ್ಪು ರೋಗಿ ಎಂಬ ಚಿತ್ರ ಇಂಗ್ಲೆಂಡಿನ ಮಟ್ಟಿಗೆ ಅರ್ಧವೇ ಸರಿ. ಅಲ್ಲಿನ ಮನೋವೈದ್ಯರಲ್ಲಿ ಭಾರತ, ಪಾಕಿಸ್ತಾನ, ಶ್ರೀಲಂಕಾಗಳಲ್ಲಿ ಓದಿ ಬಂದವರ ಪಾಲು ದೊಡ್ಡದು. ಮೈಸೂರು, ಹುಬ್ಬಳ್ಳಿ, ಮಣಿಪಾಲದಲ್ಲಿ ಎಂಬಿಬಿಎಸ್ ಮುಗಿಸಿ ಹೋದ ಕನ್ನಡಿಗರೂ ಅದರಲ್ಲಿದ್ದಾರೆ. ಸೆಕ್ಷನ್ ಕಾಗದಕ್ಕೆ ಬೀಳುವ ಎರಡು ಸಹಿಯಲ್ಲಿ ಒಂದು ರಾವ್ ಅವರದೋ ಪಾಟೀಲರದೋ ಆಗಿರಬಹುದು. ತಾವೇ ಅಲ್ಲಿ ಬಣ್ಣದ ಕಾರಣಕ್ಕೆ ಬಡ್ತಿ ತಪ್ಪಿಸಿಕೊಂಡವರು ಈ ಕಡೆ ಕುಳಿತಾಗ ಬೇರೆ ತೀರ್ಮಾನ ಮಾಡುತ್ತಾರೆಯೇ? ಅಂಥ ನಿರೀಕ್ಷೆಗೆ ಆಧಾರ ಕಾಣುವುದಿಲ್ಲ. ರಾತ್ರಿ ಎರಡು ಗಂಟೆಗೆ ಪೊಲೀಸರು ಕರೆತಂದ ರೋಗಿ, ಖಾಲಿ ಬೆಡ್ ಇಲ್ಲದ ಆಸ್ಪತ್ರೆ, ನಾಳೆ ಏನಾದರೂ ಆದರೆ ತನಿಖೆ ಎಂಬ ಹೆದರಿಕೆ. ಈ ಮೂರರ ನಡುವೆ ಯಾವ ಬಣ್ಣದ ವೈದ್ಯರಾದರೂ ಸಹಿ ಹಾಕುವ ಕಡೆಗೇ ವಾಲುತ್ತಾರೆ. ನಮ್ಮ ಮನೆಗಳಲ್ಲಿ ಕಪ್ಪು ಬಣ್ಣದ ಬಗ್ಗೆ ಇರುವ ಮಾತುಗಳನ್ನು ಅವರು ವಿಮಾನ ಹತ್ತುವಾಗ ಬಿಟ್ಟು ಹೋಗಿರುತ್ತಾರೆ ಎಂದೂ ನಾನು ಭಾವಿಸುವುದಿಲ್ಲ.

ಬಿಡುಗಡೆಯಾದ ಮೇಲೂ ಬಲವಂತ ಮುಗಿಯುವುದಿಲ್ಲ. ಮನೆಗೆ ಹೋಗಬಹುದು, ಆದರೆ ಷರತ್ತುಗಳನ್ನು ಪಾಲಿಸಬೇಕು, ಇಲ್ಲವಾದರೆ ಮತ್ತೆ ಆಸ್ಪತ್ರೆಗೆ ಕರೆಸುತ್ತೇವೆ ಎಂಬ ಸಾಮುದಾಯಿಕ ಚಿಕಿತ್ಸಾ ಆದೇಶ 2008ರಿಂದ ಜಾರಿಯಲ್ಲಿದೆ. ಇದರಿಂದ ಉಪಯೋಗವಾಗುತ್ತದೆಯೇ ಎಂದು 336 ರೋಗಿಗಳ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಆದೇಶ ಇದ್ದವರಲ್ಲೂ ಇಲ್ಲದವರಲ್ಲೂ ಮರುಸೇರ್ಪಡೆ ಶೇ 36. ಉಪಯೋಗ ಸಾಬೀತಾಗದ ಈ ಆದೇಶ 2021–22ರಲ್ಲಿ ಬಿಳಿಯರಿಗಿಂತ ಕಪ್ಪುವರ್ಣೀಯರ ಮೇಲೆ ಹನ್ನೊಂದು ಪಟ್ಟು ಹೆಚ್ಚು ಬಿದ್ದಿತ್ತು.

ಬಲವಂತದ ಮಾತು ಇಷ್ಟಾದರೆ, ಕೊಡಬೇಕಾದ್ದನ್ನು ಕೊಡದಿರುವ ಕಥೆ ಇನ್ನೊಂದು. ಅದು ಅಡಗಿರುವುದು ರಕ್ತ ಪರೀಕ್ಷೆಯ ಚೀಟಿಯಲ್ಲಿ. ಬೇರೆ ಔಷಧಗಳಿಗೆ ಬಗ್ಗದ ಸ್ಕಿಜೋಫ್ರೀನಿಯಾಕ್ಕೆ ಕ್ಲೋಜಪಿನ್‌ನಷ್ಟು ಪರಿಣಾಮಕಾರಿ ಮಾತ್ರೆ ಇನ್ನೊಂದಿಲ್ಲ. ಆದರೆ ಕೆಲವೇ ಕೆಲವರಲ್ಲಿ ಅದು ಸೋಂಕಿನ ವಿರುದ್ಧ ಹೋರಾಡುವ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳನ್ನು ಅಪಾಯದ ಮಟ್ಟಕ್ಕೆ ಇಳಿಸುತ್ತದೆ. 1975ರಲ್ಲಿ ಫಿನ್ಲೆಂಡಿನಲ್ಲಿ ಹೀಗೆ ಸಾವುಗಳಾದ ಮೇಲೆ, ಆಗಾಗ ರಕ್ತ ಪರೀಕ್ಷಿಸುತ್ತಲೇ ಕೊಡಬೇಕು, ಕಣಗಳ ಎಣಿಕೆ ಇಷ್ಟಕ್ಕಿಂತ ಇಳಿದರೆ ನಿಲ್ಲಿಸಬೇಕು ಎಂಬ ನಿಯಮ ಬಂತು. ಆ ‘ಇಷ್ಟು’ ಎಂಬ ಸಂಖ್ಯೆ ನಿಂತಿರುವುದು ಬಹುಮಟ್ಟಿಗೆ ಯುರೋಪಿಯನ್ನರ ರಕ್ತದ ಮೇಲೆ. ಆಫ್ರಿಕನ್ ಮೂಲದ ಬಹಳ ಮಂದಿಯಲ್ಲಿ ‘ಡಫಿ’ ಎಂಬ ರಕ್ತಗುಂಪಿನ ಗುರುತು ಕೆಂಪು ರಕ್ತಕಣಗಳ ಮೇಲೆ ಇರುವುದಿಲ್ಲ. ವೈವಾಕ್ಸ್ ಮಲೇರಿಯಾದಿಂದ (ಮಂಗಳೂರಿನವರಿಗೆ ಇದನ್ನು ಪರಿಚಯಿಸಬೇಕಿಲ್ಲ) ಇದು ಅವರಿಗೆ ರಕ್ಷಣೆ ಕೊಡುತ್ತದೆ. ಅದೇ ಗುಣದಿಂದ ಅವರ ನ್ಯೂಟ್ರೋಫಿಲ್ ಎಣಿಕೆ ಹುಟ್ಟಿನಿಂದಲೇ ಕಡಿಮೆ. ಆರೋಗ್ಯಕ್ಕೆ ಅದರಿಂದ ತೊಂದರೆಯಿಲ್ಲ. ಆದರೆ ಚೀಟಿ ನೋಡುವವರಿಗೆ ಅಪಾಯದ ಗಂಟೆ ಬಾರಿಸಿದಂತೆ ಕಾಣುತ್ತದೆ. ಮಾತ್ರೆ ಶುರುವಾಗುವುದೇ ಇಲ್ಲ, ಇಲ್ಲವೆ ಚೆನ್ನಾಗಿ ಗುಣ ಕಾಣುತ್ತಿದ್ದಾಗಲೇ ನಿಲ್ಲುತ್ತದೆ.

ಇಂಥವರಿಗಾಗಿ ಇನ್ನೂ ಕಡಿಮೆ ಎಣಿಕೆಯ ಮಿತಿಗಳು ಬ್ರಿಟನ್ನಿನಲ್ಲಿ ಇವೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2015ರಲ್ಲಿ ಪ್ರತ್ಯೇಕ ಮಿತಿ ತಂದಿತು. ಆದರೆ ಅದನ್ನು ಅನ್ವಯಿಸಬೇಕೆಂದರೆ ಯಾರಾದರೂ ‘ಇವರ ಎಣಿಕೆ ಸಹಜವಾಗಿಯೇ ಕಡಿಮೆ ಇರಬಹುದು’ ಎಂದು ಯೋಚಿಸಬೇಕು, ರಕ್ತರೋಗ ತಜ್ಞರಿಗೆ ಕಾಗದ ಬರೆಯಬೇಕು. ಆ ಕಾಗದ ಬರೆಯಲು ಪುರುಸೊತ್ತಿಲ್ಲದ ಕಡೆ ರೋಗಿ ಇನ್ನೂ ವರ್ಷಗಟ್ಟಲೆ ವಾರ್ಡಿನಲ್ಲೇ ಉಳಿಯುತ್ತಾನೆ. ಇದರಲ್ಲಿ ಯಾರ ದ್ವೇಷವೂ ಇಲ್ಲ ಎಂಬುದನ್ನು ಗಮನಿಸಿ. ಪ್ರಯೋಗಾಲಯದ ಫಾರಂನಲ್ಲಿ ಅಚ್ಚಾದ ಒಂದು ಸಂಖ್ಯೆ ಸಾಕು. ಯಲ್ಲಾಪುರ, ಹಳಿಯಾಳದ ಕಡೆಯ ಸಿದ್ದಿಗಳ ಪೂರ್ವಜರೂ ಆಫ್ರಿಕಾದಿಂದ ಬಂದವರು. ಅವರಲ್ಲಿ ಯಾರಿಗಾದರೂ ಕ್ಲೋಜಪಿನ್ ಬೇಕಾದರೆ ಧಾರವಾಡದ ವೈದ್ಯರೂ ಈ ಸಾಧ್ಯತೆಯನ್ನು ತಲೆಯಲ್ಲಿಟ್ಟುಕೊಳ್ಳಬೇಕಾಗುತ್ತದೆ.

ಮತ್ತೆ ಕಾಯ್ದೆಗೆ ಬರೋಣ. 2017ರಲ್ಲಿ ಪ್ರಧಾನಿ ತೆರೇಸಾ ಮೇ, ಕಪ್ಪುವರ್ಣೀಯರ ಈ ಅಂಕಿಯನ್ನೇ ಒಂದು ಕಾರಣವಾಗಿ ಮುಂದಿಟ್ಟು ಮನೋವೈದ್ಯ ಸೈಮನ್ ವೆಸ್ಲಿ ಅವರಿಗೆ ಕಾಯ್ದೆಯ ಪರಿಶೀಲನೆ ವಹಿಸಿದರು. 2018ರ ಡಿಸೆಂಬರ್‌ನಲ್ಲಿ ವರದಿ ಬಂತು. ಮಸೂದೆ ಸಂಸತ್ತಿಗೆ ಬರಲು 2024ರ ನವೆಂಬರ್ ಆಯಿತು, ಕಾಯ್ದೆಯಾದದ್ದು 2025ರ ಡಿಸೆಂಬರ್‌ನಲ್ಲಿ. ಪೂರ್ತಿ ಜಾರಿಗೆ ಹತ್ತು ವರ್ಷ ಬೇಕು ಎಂದು ಸರ್ಕಾರವೇ ಹೇಳಿದೆ. ಅದರಲ್ಲಿ ಎರಡು ಅಂಶ ನನಗೆ ಮುಖ್ಯ. ಕಾನೂನು ಗೊತ್ತುಮಾಡಿದ ‘ಹತ್ತಿರದ ಸಂಬಂಧಿ’ಯ ಬದಲು ತನ್ನ ಪರವಾಗಿ ಯಾರು ಮಾತಾಡಬೇಕೆಂದು ರೋಗಿಯೇ ಆರಿಸಬಹುದು. ಮತ್ತೆ, ಚೆನ್ನಾಗಿರುವಾಗಲೇ ‘ಮುಂದೆ ನಾನು ಹದ ತಪ್ಪಿದರೆ ಹೀಗೆ ನೋಡಿಕೊಳ್ಳಿ, ಈ ಮಾತ್ರೆ ನನಗೆ ಆಗಿಬರುವುದಿಲ್ಲ, ಇಂಥವರಿಗೆ ಫೋನ್ ಮಾಡಿ’ ಎಂದು ಬರೆದಿಡಬಹುದು. ಇಂಥ ಮುಂಗಡ ಪತ್ರಗಳಿಂದ ಬಲವಂತದ ದಾಖಲಾತಿ ಸುಮಾರು ಕಾಲುಭಾಗ ಇಳಿಯುತ್ತದೆ ಎಂದು ಹಲವು ಪ್ರಯೋಗಗಳನ್ನು ಒಟ್ಟುಗೂಡಿಸಿದ 2016ರ ವಿಶ್ಲೇಷಣೆ ಹೇಳುತ್ತದೆ. ತರಬೇತಿ ಶಿಬಿರಗಳಿಗೆ ಇಂಥ ದಾಖಲೆಯಿಲ್ಲ.

ಇವೆರಡೂ ನಮಗೆ ಹೊಸದಲ್ಲ. 2018ರ ಮೇ ತಿಂಗಳಿಂದ ಜಾರಿಯಲ್ಲಿರುವ ನಮ್ಮ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 5 ಮತ್ತು 14ನೇ ಸೆಕ್ಷನ್‌ಗಳು ಇದೇ ಹಕ್ಕುಗಳನ್ನು ಕೊಟ್ಟಿವೆ. ಕಾಗದದ ಮೇಲೆ ನಾವು ಇಂಗ್ಲೆಂಡಿಗಿಂತ ಮುಂದೆ. ನಿಮ್ಮ ಪರಿಚಯದ ಯಾರಾದರೂ ಅಂಥ ಪತ್ರ ಬರೆದಿಟ್ಟದ್ದನ್ನು ನೋಡಿದ್ದೀರಾ? ಇನ್ನು, ನಮ್ಮ ಮನೋರೋಗ ವಾರ್ಡುಗಳಲ್ಲಿ ಬಲವಂತವಾಗಿ ಸೇರಿಸಿದವರು ಯಾವ ಜಾತಿಯವರು, ಯಾವ ಧರ್ಮದವರು ಎಂದು ಇಂಗ್ಲೆಂಡಿನವರಂತೆ ವರ್ಷವರ್ಷ ಪ್ರಕಟಿಸಿದರೆ ಏನು ಹೊರಬೀಳಬಹುದು ಎಂದು ಊಹಿಸಲು ನನಗೆ ಧೈರ್ಯ ಸಾಲದು.

ಈ ನಡುವೆ ಇಂಗ್ಲೆಂಡಿನಲ್ಲಿ ಪೊಲೀಸರೇ ಹಿಂದೆ ಸರಿಯತೊಡಗಿದ್ದಾರೆ. ಹಂಬರ್‌ಸೈಡ್ ಪೊಲೀಸರು 2020ರಲ್ಲಿ ಆರಂಭಿಸಿದ ನೀತಿಯನ್ನು 2023ರ ನವೆಂಬರ್‌ನಿಂದ ಲಂಡನ್ ಪೊಲೀಸರೂ ಅನುಸರಿಸುತ್ತಿದ್ದಾರೆ. ಜೀವಕ್ಕೆ ಅಪಾಯವೋ ಅಪರಾಧವೋ ಇಲ್ಲದಿದ್ದರೆ ಮಾನಸಿಕ ಅಸ್ವಸ್ಥರ ಕರೆಗೆ ಅವರು ಹೋಗುವುದಿಲ್ಲ. ಮೇಲ್ನೋಟಕ್ಕೆ ಇದು ಬೇಕಾಗಿದ್ದದ್ದೇ. ಆದರೆ ವ್ಯಾನು ಬರದಿದ್ದರೆ ಅದರ ಬದಲು ಆ ತಾಯಿಯ ಮನೆಗೆ ನರ್ಸ್ ಬರುತ್ತಾರೆಯೇ? ಆ ಸಂಖ್ಯೆಯ ನರ್ಸ್‌ಗಳೇ ಇಲ್ಲ ಎಂದು ಆರೋಗ್ಯ ಸಂಸ್ಥೆಗಳು ಅಂದೇ ಆತಂಕ ಹೇಳಿಕೊಂಡಿದ್ದವು. 2023ರಿಂದ ಪ್ರತಿ ಮಾನಸಿಕ ಆರೋಗ್ಯ ಟ್ರಸ್ಟ್ (ಆಸ್ಪತ್ರೆಗಳನ್ನು ನಡೆಸುವ ಎನ್‌ಎಚ್‌ಎಸ್ ಸಂಸ್ಥೆ) ತನ್ನಲ್ಲಿರುವ ಜನಾಂಗೀಯ ಅಂತರದ ಲೆಕ್ಕ ಕೊಡಬೇಕೆಂಬ ಚೌಕಟ್ಟೂ ಬಂದಿದೆ. ಆ ವರದಿ ಕೈಗೆ ಬಂದರೆ ಎಷ್ಟು ಸಿಬ್ಬಂದಿಗೆ ತರಬೇತಿ ಆಯಿತು ಎಂಬುದನ್ನು ನಾನು ನೋಡುವುದಿಲ್ಲ. ಮೊದಲ ಸಲ ಕಾಯಿಲೆ ಬಿದ್ದ ಕಪ್ಪು ಯುವಕರಲ್ಲಿ ಎಷ್ಟು ಮಂದಿ ಫ್ಯಾಮಿಲಿ ಡಾಕ್ಟರರ ಕಾಗದ ಹಿಡಿದು ಬಂದರು, ಎಷ್ಟು ಮಂದಿ ಪೊಲೀಸರ ಜೊತೆ ಬಂದರು ಎಂಬುದನ್ನು ಹುಡುಕುತ್ತೇನೆ.